ಪಾಠಕ್ಕಿಂತ ಮೊದಲು ಪ್ರಶ್ನೆ

೨೦೨೦ನೆಯ ಮಾರ್ಚ ತಿಂಗಳನ್ನು ವಾಚಕರು ಮರೆತಿರಲಾರರು. ಶಾಲೆಗಳು ಮುಚ್ಚಿದವು, ಪಾಠವು ಮೊಬೈಲಿನೊಳಗೆ ಹೊಕ್ಕಿತು. ನಾನೂ ಉತ್ಸಾಹದಿಂದ ಮೂರನೆಯ ಇಯತ್ತೆಯ ಮಕ್ಕಳಿಗಾಗಿ ಇಪ್ಪತ್ತು ನಿಮಿಷಗಳ ವೀಡಿಯೊ ಪಾಠಗಳನ್ನು ಮಾಡಿ ವಾಟ್ಸಪ್ಪಿನಲ್ಲಿ ಕಳಿಸತೊಡಗಿದೆನು. ನಿರ್ಬಂಧ ಸಡಿಲಾದ ಮೇಲೆ ಒಬ್ಬ ಹುಡುಗನ ಮನೆಯ ಕಟ್ಟೆಯ ಮೇಲೆ ಕುಳಿತು, "ಏನ್ ಕಲ್ತೀಯೋ ತಮ್ಮಾ?" ಎಂದು ಕೇಳಿದೆ. "ಏಳು ಪಾಠ ನೋಡೀನ್ರೀ ಸರ್" ಎಂದನು. ನೋಡಿದ್ದು ನಿಜ. ಆದರೆ ನಾಲ್ಕು ಸಾಮಾನುಗಳ ಬೆಲೆ ಕೂಡಿಸಲು ಅವನಿಗೆ ಬರಲಿಲ್ಲ. ತಪ್ಪು ಹುಡುಗನದಲ್ಲ. ನಾನು ಏನು ಹೇಳಬೇಕೆಂಬುದನ್ನು ಯೋಜಿಸಿದ್ದೆ. ಅವನು ಏನು ಮಾಡಬಲ್ಲವನಾಗಬೇಕೆಂಬುದನ್ನು ಯೋಜಿಸಿರಲಿಲ್ಲ.

ಇದಕ್ಕೇ ಮಹಾರಾಷ್ಟ್ರದ ಸರಕಾರಿ ಕಾಗದಗಳಲ್ಲಿ 'ಅಧ್ಯಯನ ನಿಷ್ಪತ್ತಿ' ಎಂದೂ ಕರ್ನಾಟಕದಲ್ಲಿ 'ಕಲಿಕಾ ಫಲ' ಎಂದೂ ಹೆಸರು. (ಮೊದಲನೆಯ ಹೆಸರು ಕೇಳಿಯೇ ಪಾಲಕರು ಹೆದರುತ್ತಾರೆ!) ಒಂದರಿಂದ ಎಂಟನೆಯ ಇಯತ್ತೆಯವರೆಗಿನ ಫಲಗಳನ್ನು ಎನ್.ಸಿ.ಇ.ಆರ್.ಟಿ.ಯು ೨೦೧೭ರಲ್ಲಿಯೇ ಪ್ರಕಟಿಸಿತ್ತು. ಪುಸ್ತಿಕೆ ನನ್ನ ಕಪಾಟಿನಲ್ಲಿತ್ತು.

ಮರುವಾರದಿಂದ ಕ್ರಮವನ್ನು ತಿರುವಿದೆ. ಮೊದಲು ಫಲ ಬರೆದೆ: ಮಗುವು ಕಿರಾಣಿ ಅಂಗಡಿಯ ನಾಲ್ಕು ಸಾಮಾನುಗಳ ಬೆಲೆ ಬರೆದು, ಕೂಡಿಸಿ, ನೂರು ರೂಪಾಯಿ ಕೊಟ್ಟರೆ ಎಷ್ಟು ಹಿಂದಿರುಗಬೇಕೆಂದು ಹೇಳುವದು. 'ತಿಳಿಯುವದು' ಎಂದು ಬರೆಯಲಿಲ್ಲ; ತಿಳಿದದ್ದನ್ನು ನಾನು ದೂರ ಕುಳಿತು ಕಾಣಲಾರೆ, ಹೇಳಿದ್ದನ್ನು ಕೇಳಬಲ್ಲೆ. ಆ ಮೇಲೆ ಪರೀಕ್ಷೆಯ ಬಗೆ: ಲೆಕ್ಕವನ್ನು ಬಾಯಿಂದ ಹೇಳಿ, ಮುದ್ರಿಸಿ ಕಳಿಸುವದು. ಪಾಠ ಸಿದ್ಧವಾದದ್ದು ಎಲ್ಲಕ್ಕೂ ಕೊನೆಗೆ, ಅದೂ ನಾಲ್ಕೇ ನಿಮಿಷದ್ದು. ಮಗ್ಗಗಳು ಪುನಃ ಆರಂಭವಾದ ಮೇಲೆ ಮೊಬೈಲು ತಂದೆಯ ಕೂಡ ಸೊಲ್ಲಾಪುರಕ್ಕೆ ಹೋಗಿ ರಾತ್ರಿಯೇ ಮನೆಗೆ ಬರುತ್ತಿತ್ತು. ನಾಲ್ಕು ನಿಮಿಷಕ್ಕಿಂತ ಹೆಚ್ಚಿಗೆ ಕೇಳುವದು ಅನ್ಯಾಯವೇ ಸರಿ.

ಗಡಿನಾಡಿನವರಿಗೆ ಇದರಿಂದ ಇನ್ನೊಂದು ಉಪಕಾರವಿದೆ. ನಮ್ಮ ಕನ್ನಡ ಪುಸ್ತಕಗಳು ಪುಣೆಯ ಬಾಲಭಾರತಿಯವು. ಕನ್ನಡದ ವೀಡಿಯೊಗಳು ಬಹುಪಾಲು ಕರ್ನಾಟಕದ ಪುಸ್ತಕಗಳಿಗಾಗಿ ಆದವು. ಪಾಠದ ಹೆಸರು ಹಿಡಿದು ಹುಡುಕಿದರೆ ಹೊಂದುವದಿಲ್ಲ. ಫಲ ಹಿಡಿದು ಹುಡುಕಿದರೆ ಎಷ್ಟೋ ಉಪಯೋಗಕ್ಕೆ ಬರುತ್ತವೆ.

ನಮ್ಮದೇ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿಯಲ್ಲಿ ರಣಜಿತಸಿಂಹ ಡಿಸಲೆ ಗುರುಗಳು ಕನ್ನಡ ಮನೆಮಾತಿನ ಮಕ್ಕಳಿಗಾಗಿ ತಾವು ಕನ್ನಡ ಕಲಿತು, ಪಠ್ಯಪುಸ್ತಕಕ್ಕೆ ಕ್ಯೂಆರ್ ಸಂಕೇತ ಜೋಡಿಸಿದರು. ೨೦೨೦ರ ಡಿಸೆಂಬರಿನಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿಯ ಹತ್ತು ಲಕ್ಷ ಡಾಲರು ಬಂದಾಗ ಅರ್ಧವನ್ನು ಉಳಿದ ಒಂಬತ್ತು ಸ್ಪರ್ಧಿಗಳಿಗೆ ಹಂಚಿದರು. ಹಣದ ಸುದ್ದಿ ಮನೆಮನೆಗೆ ಮುಟ್ಟಿತು. ಅವರು ಕನ್ನಡ ಕಲಿತ ಸುದ್ದಿ ಎಷ್ಟು ಮನೆಗೆ ಮುಟ್ಟಿದೆಯೋ!

ಈಗ ಅಕ್ಕಲಕೋಟೆಯ ಕಡೆ ಮರಾಠಿ ಶಾಲೆಗೆ ಹೋಗುವ ಕನ್ನಡ ಮಕ್ಕಳಿಗಾಗಿ ರವಿವಾರ ಸಂಜೆ ಆನ್‌ಲೈನ್ ವರ್ಗ ನಡೆಸುತ್ತಿದ್ದೇನೆ. ಹತ್ತು ವಾರಗಳ ಫಲ ಒಂದೇ: ಗಡಿಯಾಚೆ ಅಫಜಲಪುರದಲ್ಲಿಯೋ ಇಂಡಿಯಲ್ಲಿಯೋ ಇರುವ ಅಜ್ಜಿಗೆ ಆರು ಸಾಲಿನ ಕನ್ನಡ ಪತ್ರ. ಕಳೆದ ತಿಂಗಳು ಹದಿನಾಲ್ಕು ಪತ್ರಗಳು ಬಂದವು. ಮೂರರಲ್ಲಿ ಮಾತು ಅಚ್ಚಗನ್ನಡ, ಲಿಪಿ ಮಾತ್ರ ಬಾಲಬೋಧ. ಆ ಅಜ್ಜಿಯರಿಗೆ ಬಾಲಬೋಧ ಓದಲು ಬಾರದು. ಆ ಮೂವರಿಗಾಗಿ ಮುಂದಿನ ರವಿವಾರದ ಪಾಠವನ್ನು ಬೇರೆಯಾಗಿ ಬರೆಯುತ್ತಿದ್ದೇನೆ.