ಯಂತ್ರ ಬರುವ ಮುನ್ನ ಮನೆ ಸಿದ್ಧವಾಗಲಿ



ಕಳೆದ ತಿಂಗಳು ನಮ್ಮ ಟಿಳಕವಾಡಿಯ ಮನೆಗೆ ಒಬ್ಬ ತರುಣ ಅಳತೆಪಟ್ಟಿ ಹಿಡಿದು ಬಂದಿದ್ದ. ಇಡೀ ಮನೆಗೆ ಸೆಂಟ್ರಲ್ ಏಸಿ ಕೂಡಿಸಲು ಎಷ್ಟು ಖರ್ಚಾದೀತೆಂದು ತಿಳಿಯಲು ನಮ್ಮ ಮಗ ಪುಣೆಯಿಂದಲೇ ಮಾತಾಡಿ ಅವನನ್ನು ಕಳಿಸಿದ್ದ. ತರುಣ ಕೋಣೆ ಕೋಣೆಯನ್ನೂ ಅಳೆದು, "ಸರ್, ಐದು ಟನ್ ಬೇಕಾಗತದ. ಮ್ಯಾಲ ಫಾಲ್ಸ್ ಸೀಲಿಂಗ್ ಮಾಡಿ ಒಳಗ ಡಕ್ಟ್ ಹಾಕೂಣು. ಕಿಟಕಿ ಸಂದಿ ಎಲ್ಲಾ ಮುಚ್ಚಬೇಕಾಗತದ" ಎಂದ.

ಮೂವತ್ತು ವರ್ಷ "ಬೆಳಗಾವಿಗೆ ಫ್ಯಾನೇ ಹೆಚ್ಚು" ಎಂದು ಬೀಗಿದವನು ನಾನು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದ ಊರು ನಮ್ಮದೆಂಬ ಅಭಿಮಾನ. 2024ರ ಏಪ್ರಿಲ್‌ನ ಒಂದು ರಾತ್ರಿ ಆ ಅಭಿಮಾನ ಮುರಿಯಿತು. ಸೆಕೆ ತಾಳದೆ ನೀರು ಕುಡಿಯಲು ಎದ್ದ ನನ್ನ ಮನೆಯಾಕೆ ತಲೆಸುತ್ತಿ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಳು. ಎರಡು ದಿನ ಆಸ್ಪತ್ರೆಯಲ್ಲಿ ಕಳೆದೆವು. ವಯಸ್ಸಾದಂತೆ ದೇಹಕ್ಕೆ ಬಿಸಿಯನ್ನು ಹೊರಹಾಕುವ ಶಕ್ತಿ ಕುಗ್ಗುತ್ತದೆ, ರಾತ್ರಿಯಾದರೂ ತಂಪು ಸಿಗಬೇಕು ಎಂದು ವೈದ್ಯರು ತಿಳಿಹೇಳಿದರು. ಏಸಿ ಎಂದರೆ ಭೋಗವಸ್ತು ಎಂಬ ಮಾತನ್ನು ನಾನು ಅಂದೇ ಬಿಟ್ಟೆ.

ಆದರೂ ಆ ತರುಣನ ಲೆಕ್ಕಕ್ಕೆ ಕೂಡಲೇ ಒಪ್ಪಿಗೆ ಕೊಡಲು ಮನಸ್ಸಾಗಲಿಲ್ಲ. ಅದೇ ವಾರ ಸುಮಾರು 26 ಕಿ.ಮೀ. ದೂರದ ಖಾನಾಪುರಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಆ ಊರಿನಲ್ಲೇ ಇದೆ. ಅಕ್ಕನದು ದಪ್ಪ ಜಂಬಿಟ್ಟಿಗೆ ಗೋಡೆಯ ಹಂಚಿನ ಮನೆ. ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದರೆ ಬಿಸಿ ಇತ್ತು, ಉಸಿರುಕಟ್ಟುವ ಸೆಕೆ ಇರಲಿಲ್ಲ. ಕಾದ ಗಾಳಿ ಮೇಲಕ್ಕೇರಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತೆಳುವಾದ ಹಂಚು ಆರುತ್ತದೆ. ನಮ್ಮ ಕಾಂಕ್ರೀಟು ತಾರಸಿಯಾದರೋ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನು ನಮ್ಮ ತಲೆಯ ಮೇಲೆ ಸುರಿಯುತ್ತದೆ.

ಏಸಿಯ ಸಂಗತಿ ತಿಳಿಸಿದಾಗ ಅಕ್ಕ ಕೇಳಿದಳು: "ಮ್ಯಾಲಿನ ಬೆಂಕಿ ಹಂಗ ಬಿಟ್ಟು ಒಳಗ ಥಂಡಿ ಮಾಡ್ತಿಯೇನೋ ತಮ್ಮಾ?"

ನಾನು ತಲೆತಗ್ಗಿಸಿದೆ. ಉಷ್ಣದ ವಹನ, ಸಂವಹನ, ವಿಕಿರಣಗಳನ್ನು ಕರಿಹಲಗೆಯ ಮೇಲೆ ಚಿತ್ರ ಬಿಡಿಸಿ ನಿಮಗೆಲ್ಲ ಕಲಿಸಿದವನು ನಾನೇ. ಅದೇ ನಾನು 1998ರಲ್ಲಿ ಟಿಳಕವಾಡಿಯ ಹಂಚು ಇಳಿಸಿ ತಾರಸಿ ಹಾಕಿಸಿದೆ. ಪಡುವಣದ ಮಾವಿನ ಮರ ಕಡಿಸಿ ಕಾರಿಗೆ ಶೆಡ್ ಮಾಡಿಸಿದೆ. ಪರೀಕ್ಷೆಗೆ ಉತ್ತರ ಬರೆಸಿದವನು ತನ್ನ ಮನೆಯಲ್ಲಿಯೇ ತಪ್ಪಿದ್ದ. ಹಾಗೆಂದು ಹಂಚಿನ ಮನೆಗೆ ಮರಳಿರೆಂದು ನಾನು ಹೇಳಲಾರೆ. ಖಾನಾಪುರದ ಮಳೆಗೆ ಅಕ್ಕ ಪ್ರತಿ ವರ್ಷ ಸೋರುವ ಕಡೆಯೆಲ್ಲ ಪಾತ್ರೆ ಇಡುತ್ತಾಳೆ. ಹಂಚು ತಿರುವಿಹಾಕುವ ಆಳುಗಳೂ ಈಗ ಸಿಗುವುದಿಲ್ಲ.

ಇನ್ನು ಟನ್ನಿನ ಲೆಕ್ಕ. ಒಂದು ಟನ್ ಎಂದರೆ ಯಂತ್ರದ ತೂಕವಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಉಷ್ಣವನ್ನು ಹೊರಸಾಗಿಸುವ ಸಾಮರ್ಥ್ಯ ಅದು. ಐದು ಟನ್ನಿನ ಯಂತ್ರ ಪೂರ್ಣ ಬಲದಲ್ಲಿ ಓಡಿದರೆ ಗಂಟೆಗೆ ಐದು ಯೂನಿಟ್ಟಿನ ಆಸುಪಾಸು ವಿದ್ಯುತ್ ಬೇಕು. ರಾತ್ರಿ ಎಂಟು ಗಂಟೆ ಓಡಿದರೆ ನಲವತ್ತು ಯೂನಿಟ್. ಗೃಹಜ್ಯೋತಿಯ ತಿಂಗಳ ಮಿತಿಯಾದ 200 ಯೂನಿಟ್ ಐದೇ ರಾತ್ರಿಗೆ ಮುಗಿದೀತು. ಮಲಗುವವರು ನಾವಿಬ್ಬರು, ತಂಪಾಗುವುದು ದೇವರ ಕೋಣೆಯಿಂದ ಹಿಡಿದು ಬೀಗ ಹಾಕಿದ ಮಗನ ಕೋಣೆಯವರೆಗೆ.

ಮತ್ತೊಂದು ಮಾತು. ಏಸಿ ಉಷ್ಣವನ್ನು ನಾಶಮಾಡುವುದಿಲ್ಲ, ಒಳಗಿನದನ್ನು ಹೊರಗೆ ಒಯ್ದು ಹಾಕುತ್ತದೆ. ತಾನು ಬಳಸಿದ ವಿದ್ಯುತ್ತಿನ ಬಿಸಿಯನ್ನೂ ಅದಕ್ಕೆ ಸೇರಿಸುತ್ತದೆ. ತರುಣ ಹೊರಘಟಕಕ್ಕೆ ಗೊತ್ತುಮಾಡಿದ ಜಾಗದಿಂದ ನಾಲ್ಕು ಅಡಿ ಆಚೆಗೆ ಪಕ್ಕದ ಮನೆಯ ಅಜ್ಜಿಯ ಕಿಟಕಿ. ನನ್ನಾಕೆಯ ಸೆಕೆಯನ್ನು ತೆಗೆದು ಆ ಅಜ್ಜಿಯ ಕೋಣೆಗೆ ಕಳಿಸುವುದು ಯಾವ ನ್ಯಾಯ?

ಕೊನೆಗೆ ನಾನು ಮಾಡಿದ್ದಿಷ್ಟು. ತಾರಸಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಸಿದೆ. ಪಡುವಣದ ಕಿಟಕಿಗಳಿಗೆ ಹೊರಗಿನಿಂದಲೇ ಬಿದಿರಿನ ತಟ್ಟಿ ಕಟ್ಟಿಸಿದೆ. ಬಿಸಿಲನ್ನು ಗಾಜಿನ ಆಚೆಗೇ ತಡೆಯಬೇಕು, ಒಳಗಿನ ಪರದೆಯಿಂದ ಅಷ್ಟು ಫಲವಿಲ್ಲ. ಕಡಿದ ಮರದ ಪಕ್ಕದಲ್ಲಿ ಹೊಸ ಮಾವಿನ ಸಸಿ ನೆಟ್ಟಿದ್ದೇನೆ. ಅದರ ನೆರಳು ಮೊಮ್ಮಕ್ಕಳಿಗೆ. ನಮ್ಮ ಮಲಗುವ ಕೋಣೆಯೊಂದಕ್ಕೇ ಏಸಿ ಬಂದಿದೆ. ಅದರ ಹೊರಘಟಕ ರಸ್ತೆಯ ಕಡೆಗೆ, ಎತ್ತರದಲ್ಲಿದೆ. 24 ಡಿಗ್ರಿಗೆ ಇಟ್ಟು, ಜೊತೆಗೆ ಫ್ಯಾನನ್ನೂ ತಿರುಗಲು ಬಿಡುತ್ತೇವೆ.

ಮಗನಿಗೆ ಪೂರ್ಣ ಸಮಾಧಾನವಾಗಿಲ್ಲ. "ಅಪ್ಪಾ, ನೀವು ರೊಕ್ಕ ಉಳಿಸಾಕ ಹಿಂಗ ಮಾಡೀರಿ" ಎಂದ. ಇರಬಹುದು, ಪಿಂಚಣಿಯ ಮೇಷ್ಟರಿಗೆ ಆ ಚಟ ಬಿಡುವುದು ಕಷ್ಟ. ಆದರೆ ಅವನ ತಾಯಿ ಈಗ ರಾತ್ರಿ ನಿದ್ದೆ ಮಾಡುತ್ತಾಳೆ. ನಾಳೆ ಇನ್ನೊಂದು ಕೋಣೆಗೆ ಬೇಕೆನಿಸಿದರೆ ಹಟ ಹಿಡಿಯುವುದಿಲ್ಲ.

ನಿಮ್ಮಲ್ಲಿ ಅನೇಕರು ಹೊಸ ಮನೆ ಕಟ್ಟುತ್ತಿದ್ದೀರಿ. ವಯಸ್ಸಾದ ತಂದೆತಾಯಿಗಳೂ ನಿಮ್ಮ ಮನೆಯಲ್ಲಿದ್ದಾರೆ. ಅವರಿಗೆ ತಂಪು ಒದಗಿಸುವುದು ನಿಮ್ಮ ಕರ್ತವ್ಯ. ಅಳತೆಪಟ್ಟಿಯವರನ್ನು ಕರೆಯುವ ಮುನ್ನ ಒಂದು ಬೇಸಿಗೆಯ ರಾತ್ರಿ ಒಂಬತ್ತು ಗಂಟೆಗೆ ನಿಮ್ಮ ತಾರಸಿ ಹತ್ತಿ ನೆಲಕ್ಕೆ ಅಂಗೈ ಇಟ್ಟು ನೋಡಿರಿ. ಕೈ ಸುಟ್ಟರೆ ಕೆಲಸ ಅಲ್ಲಿಂದಲೇ ಆರಂಭವಾಗಲಿ.