ಆಂಟಿವೈರಸ್ ಆಫ್ ಮಾಡಿದ್ದು ನಾನೇ

ಶನಿವಾರ ಕ್ಲಾಸ್ ಮುಗಿಸಿ ಬಸ್ ಹತ್ತಿ, ಪರ್ಕಳ, ಆತ್ರಾಡಿ ದಾಟಿ ಹಿರಿಯಡ್ಕದಲ್ಲಿ ಇಳಿದು ಮನೆಗೆ ಹೋದರೆ ಚಹಾಕ್ಕಿಂತ ಮೊದಲು ಸಿಗುವುದು ಒಂದು ಕೆಲಸ. "ಬಂದ್ಯಾ? ಕಂಪ್ಯೂಟರಲ್ಲಿ ಎಂತದೋ ಕೆಂಪು ಕೆಂಪು ಬರ್ತಾ ಉಂಟು, ಸ್ವಲ್ಪ ನೋಡು ಮಾರಾಯ" ಅಂತಾರೆ ಅಮ್ಮ. ಹೋದ ವಾರ ನೋಡಿದರೆ ಆಂಟಿವೈರಸ್‌ನ ಅವಧಿ ಮುಗಿಯುವ ಸೂಚನೆ. "ರಿನ್ಯೂ ಮಾಡ್ಬೇಕಾ? ಆಚೆ ಮನೆಯವರೂ ಕೇಳ್ತಿದ್ರು, ಯಾವುದು ಒಳ್ಳೇದು ಅಂತ."

ನಿಮಗೂ ಇದು ಹೊಸತಲ್ಲ ಅಲ್ವಾ? ಸಿವಿಲ್ ಓದಲಿ, ಮೆಕ್ಯಾನಿಕಲ್ ಓದಲಿ, ಎಂಜಿನಿಯರಿಂಗ್ ಅಂದ ಕೂಡಲೇ ಮನೆಯ ಕಂಪ್ಯೂಟರ್ ಡಾಕ್ಟರ್ ನಾವೇ. ನಾನು ಅಮ್ಮನಿಗೆ "ರಿನ್ಯೂ ಬೇಡ" ಅಂದೆ. ಯಾಕೆ ಬೇಡ ಅಂತ ಹೇಳುವುದಕ್ಕೇ ಈ ಬರಹ. ಆದರೆ ಅದಕ್ಕೂ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಫಸ್ಟ್ ಇಯರ್‌ನಲ್ಲಿ ಫೆಸ್ಟ್‌ಗೆ ವಿಡಿಯೋ ಮಾಡುವ ಹುಮ್ಮಸ್ಸು. ಎಡಿಟಿಂಗ್ ಸಾಫ್ಟ್‌ವೇರ್‌ಗೆ ದುಡ್ಡು ಕೊಡುವವರು ಯಾರು? ಕ್ರ್ಯಾಕ್ ಹುಡುಕಿದೆ. ಅದರ ಜೊತೆ ಬಂದ ಸೂಚನೆಯ ಮೊದಲ ಸಾಲೇ "ಆಂಟಿವೈರಸ್ ಆಫ್ ಮಾಡಿ" ಅಂತ. ಆಗ ಮನೆಯ ಸಿಸ್ಟಮ್‌ನಲ್ಲಿ ದುಡ್ಡು ಕೊಟ್ಟು ತಂದ ಆಂಟಿವೈರಸ್ಸೇ ಇತ್ತು. ಅದು ಬೇಡ ಬೇಡ ಅಂತ ಎರಡು ಸಲ ಎಚ್ಚರಿಸಿತು. ನಾನು ಎರಡು ಸಲವೂ ಸುಮ್ಮನಿರಿಸಿದೆ.

ಮರುದಿನ ಬೆಳಿಗ್ಗೆ ಒಂದು ಫೈಲೂ ತೆರೆಯುತ್ತಿಲ್ಲ. ಎಲ್ಲ ಹೆಸರುಗಳ ಕೊನೆಗೆ ನಾಲ್ಕು ಅಕ್ಷರದ ಹೊಸ ಬಾಲ. ಪ್ರತಿ ಫೋಲ್ಡರಿನಲ್ಲೂ ಒಂದು ಪತ್ರ: 980 ಡಾಲರ್ ಕೊಟ್ಟರೆ ಫೈಲು ವಾಪಸ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆಗೆ, 490 ಡಾಲರ್‌ಗೆ. ಸುಲಿಗೆಯಲ್ಲೂ ಡಿಸ್ಕೌಂಟ್! ಇದಕ್ಕೆ ಸ್ಟಾಪ್ ಅಥವಾ ಡಿಜೆವಿಯು ರ‍್ಯಾನ್ಸಮ್‌ವೇರ್ ಅಂತ ಹೆಸರು. ದೊಡ್ಡ ಕಂಪನಿಗಳನ್ನು ಬಿಟ್ಟು ನಮ್ಮಂಥ ಮನೆ ಕಂಪ್ಯೂಟರುಗಳನ್ನೇ ಹಿಡಿಯುವ ಜಾತಿ ಇದು. ಹರಡುವ ಮುಖ್ಯ ದಾರಿ ಕ್ರ್ಯಾಕ್ ಮತ್ತು ಕೀಜೆನ್‌ಗಳು. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಕಂಪನಿ ಇದರ 148 ತಳಿಗಳಿಗೆ ಉಚಿತ ಬೀಗದಕೈ ಕೊಟ್ಟಿತ್ತು. ನಮಗೆ ತಗಲಿದ್ದು ಅದರ ನಂತರದ್ದು. ನಮ್ಮ ಕೀ ಅವರ ಸರ್ವರ್‌ನಲ್ಲಿ ಮಾತ್ರ ಇತ್ತು, ಹಾಗಾಗಿ ಏನೂ ಆಗಲಿಲ್ಲ.

ಹೋದದ್ದು ಏನು? ಅಮ್ಮನ ಸ್ವಸಹಾಯ ಸಂಘದ ಎಕ್ಸೆಲ್ ಲೆಕ್ಕ ಮತ್ತು ಅಕ್ಕನ ಮದುವೆಯ ಫೋಟೋಗಳು. ಲೆಕ್ಕವನ್ನು ಅಮ್ಮ ಹಳೆಯ ನೋಟ್‌ಬುಕ್ ಇಟ್ಟುಕೊಂಡು ಹತ್ತು ರಾತ್ರಿ ಕೂತು ಮತ್ತೆ ಹೊಡೆದರು. ಫೋಟೋಗಳಲ್ಲಿ ಅಜ್ಜಿ ಇದ್ದರು. ಮುಂದಿನ ವರ್ಷ ಅವರು ತೀರಿಕೊಂಡರು. ಆಲ್ಬಮ್‌ನಲ್ಲಿ ಪ್ರಿಂಟ್ ಹಾಕಿಸಿದ ನಾಲ್ಕೈದು ಬಿಟ್ಟರೆ ಬೇರೆ ಇಲ್ಲ.

ಆ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಆಂಟಿವೈರಸ್ ಇತ್ತಲ್ಲ, ಅದು ಎಂತ ಮಾಡ್ತಿತ್ತು?" ಅದು ಅದರ ಕೆಲಸ ಮಾಡ್ತಿತ್ತು. ಆಫ್ ಮಾಡಿದ್ದು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ಹೇಳಿದ್ದು ಆರು ತಿಂಗಳ ಮೇಲೆ.

ಹಾಗಾಗಿ "ಯಾವ ಆಂಟಿವೈರಸ್ ಒಳ್ಳೇದು" ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಬೇರೆ. ಯಾವ ಪ್ಯಾಕೇಜ್ ಎನ್ನುವುದು ಎರಡನೇ ಪ್ರಶ್ನೆ. ಮನೆಯ ಕಂಪ್ಯೂಟರಿನಲ್ಲಿ ಅಡ್ಮಿನ್ ಯಾರು, ಅವರ ಅಭ್ಯಾಸ ಹೇಗಿದೆ ಎನ್ನುವುದು ಮೊದಲನೆಯದು. ಹೆಚ್ಚಿನ ಮನೆಗಳಲ್ಲಿ ಆ ಅಡ್ಮಿನ್ ನಾವೇ.

ಎರಡನೇ ಪ್ರಶ್ನೆಗೂ ಉತ್ತರ ಕೊಡುತ್ತೇನೆ. 2012ರ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಪೂರ್ತಿ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಮೊದಮೊದಲು ಅದನ್ನು ಎಲ್ಲರೂ ತಮಾಷೆ ಮಾಡುತ್ತಿದ್ದರು, ನಿಜ. ಈಗ ಕಾಲ ಬದಲಾಗಿದೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಅದು ಹಲವು ಬಾರಿ 18ಕ್ಕೆ 18 ಅಂಕ ತೆಗೆದಿದೆ. ಬ್ರೌಸಿಂಗ್, ಬ್ಯಾಂಕಿಂಗ್, ಎಕ್ಸೆಲ್ ಇಷ್ಟೇ ಇರುವ ಮನೆಗೆ ಅದು ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ.

ಅದಕ್ಕೂ ಒಂದು ದೌರ್ಬಲ್ಯ ಉಂಟು. ಹೊಸ ವೈರಸ್ ಗುರುತಿಸಲು ಅದು ಕ್ಲೌಡನ್ನು ತುಂಬ ನೆಚ್ಚಿಕೊಂಡಿದೆ. ನೆಟ್ ಇಲ್ಲದಾಗ ಅದರ ಹಿಡಿತ ಕಡಿಮೆ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಹೋದರೆ ಯಾವಾಗ ಬರ್ತದೆ ಅಂತ ಹೇಳುವ ಹಾಗಿಲ್ಲ. ಅಂಥ ದಿನ ಝೆರಾಕ್ಸ್ ಅಂಗಡಿಯಿಂದ ತಂದ ಪೆನ್‌ಡ್ರೈವ್ ಹಾಕುವುದಿದ್ದರೆ ಸ್ವಲ್ಪ ತಡೆಯಿರಿ. ನೆಟ್ ಬಂದ ಮೇಲೆ ಸ್ಕ್ಯಾನ್ ಮಾಡಿ ತೆರೆಯಿರಿ.

ದುಡ್ಡು ಕೊಟ್ಟು ಕೊಳ್ಳುವುದು ದಡ್ಡತನ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಅವರ ಮೇಲೆ ನಿಗಾ ಬೇಕಿದ್ದರೆ, ಫೋನ್ ಮಾಡಿ ಕೇಳಲು ಒಬ್ಬರು ಬೇಕು ಅಂತಿದ್ದರೆ, ಪುಣೆಯ ಕ್ವಿಕ್ ಹೀಲ್‌ನಂಥ ನಮ್ಮ ದೇಶದ್ದೋ ಬೇರೆಯದೋ ಕೊಳ್ಳಬಹುದು. ಆದರೆ ಒಂದೇ ಇರಲಿ. ಎರಡೆರಡು ಹಾಕಿದರೆ ಒಂದನ್ನೊಂದು ಕಾಯುತ್ತಾ ಕೂರುತ್ತವೆ, ಸಿಸ್ಟಮ್ ತೆವಳುತ್ತದೆ. ಅವಧಿ ಮುಗಿದದ್ದನ್ನು ಹಾಗೇ ಬಿಡಬೇಡಿ. ತೆಗೆದುಹಾಕಿ, ಡಿಫೆಂಡರ್ ಆನ್ ಆಗಿದೆಯಾ ಅಂತ ಕಣ್ಣಾರೆ ನೋಡಿ.

ಉಚಿತದ್ದು ಅಂದರೆ ಪೂರ್ತಿ ಉಚಿತ ಅಂತಲೂ ಅಲ್ಲ. ಅವಾಸ್ಟ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರ ಜನವರಿಯಲ್ಲಿ ಸುದ್ದಿಯಾಯಿತು, ಜಂಪ್‌ಶಾಟ್ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಕಾವಲಿಗೆ ಇಟ್ಟವನೇ ಮನೆಯ ಸುದ್ದಿ ಮಾರಿದ ಹಾಗೆ. ಇನ್ನು ಕ್ರ್ಯಾಕ್ ಮಾಡಿದ ಆಂಟಿವೈರಸ್ ಹಾಕುವವರೂ ನಮ್ಮ ಹಾಸ್ಟೆಲ್‌ನಲ್ಲಿ ಇದ್ದಾರೆ. ಅವರಿಗೆ ಎಂತ ಹೇಳುವುದು ಮಾರಾಯ್ರೆ!

ಅಪ್‌ಡೇಟ್ ವಿಷಯಕ್ಕೆ ಒಂದೇ ಉದಾಹರಣೆ ಸಾಕು. 2017ರ ಮೇ 12ರಂದು ವಾನಾಕ್ರೈ ಜಗತ್ತನ್ನೇ ಅಲ್ಲಾಡಿಸಿತು, ಬ್ರಿಟನ್ನಿನ ಆಸ್ಪತ್ರೆಗಳೇ ನಿಂತವು. ಅದು ನುಸುಳಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಸುಮಾರು ಎರಡು ತಿಂಗಳು "ಆಮೇಲೆ ಮಾಡುವ" ಅಂದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯ ಸಿಸ್ಟಮ್ ಇನ್ನೂ ಅದರಲ್ಲೇ ಇದ್ದರೆ ಆಂಟಿವೈರಸ್‌ಗೆ ಹಾಕುವ ದುಡ್ಡನ್ನು ಮೊದಲು ಆ ಕಡೆ ಯೋಚಿಸಿ. ಹಳೆಯ ಮೆಷಿನ್‌ನಲ್ಲಿ 11 ಓಡದಿದ್ದರೆ ಲಿನಕ್ಸ್ ಉಂಟು, ಉಚಿತ. ಕಲಿಸಿಕೊಡಲು ನೀವಿದ್ದೀರಿ.

ಈ ಸಲ ಮನೆಗೆ ಹೋದಾಗ ಒಂದು ಗಂಟೆ ಕೊಡಿ. ಅಪ್ಪ ಅಮ್ಮನಿಗೆ ಅಡ್ಮಿನ್ ಅಲ್ಲದ ಸಾದಾ ಅಕೌಂಟ್ ಮಾಡಿಕೊಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಒಂದು ಸ್ವಿಚ್ ಉಂಟು, ಅದು ತಾನಾಗಿ ಆನ್ ಇರುವುದಿಲ್ಲ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮ್ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಮುಟ್ಟುವ ಹಾಗಿಲ್ಲ. ಬ್ರೌಸರಿನಲ್ಲಿ ಕಂಡಕಂಡ ಸೈಟಿಗೆ ಕೊಟ್ಟ ನೋಟಿಫಿಕೇಶನ್ ಅನುಮತಿ ತೆಗೆಯಿರಿ. ಅಮ್ಮನಿಗೆ ಕಾಣುವ ಎಷ್ಟೋ "ವೈರಸ್ ಬಂತು" ಎಚ್ಚರಿಕೆಗಳು ಅಲ್ಲಿಂದಲೇ ಬರುವ ಸುಳ್ಳು. "ಅದರಲ್ಲಿ ಫೋನ್ ನಂಬರ್ ಇದ್ದರೆ ಮಾಡ್ಬೇಡಿ, ನನಗೆ ಮಾಡಿ" ಅಂತ ಹೇಳಿಡಿ. ದುಡ್ಡು ಹೋಗಿಯೇ ಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಲು ಹೇಳಿ. ಕೊನೆಯದಾಗಿ, ಫೋಟೋ ಮತ್ತು ಲೆಕ್ಕವನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿ, ವಯರ್ ಕಳಚಿ ಕಪಾಟಿನಲ್ಲಿಡಿ. ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ತಿನ್ನುತ್ತದೆ.

ರಿನ್ಯೂವಲ್ ದುಡ್ಡಿಗೆ ಸ್ವಲ್ಪ ಸೇರಿಸಿ ನಾವು ಮಾಡಿದ್ದು ಅದನ್ನೇ, ಒಂದು ಹಾರ್ಡ್‌ಡಿಸ್ಕ್ ತಂದೆವು. ಈಗ ತಿಂಗಳಿಗೊಮ್ಮೆ ಸಂಘದ ಲೆಕ್ಕ ಮುಗಿಸಿದ ದಿನ ಅಮ್ಮನೇ ಅದನ್ನು ಚುಚ್ಚಿ, ಕಾಪಿ ಮಾಡಿ, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡುತ್ತಾರೆ. ಅಡ್ಮಿನ್ ಪಾಸ್‌ವರ್ಡ್ ಕೂಡ ಈಗ ಅವರ ಹತ್ತಿರವೇ ಇರುವುದು. ನಾನು ಎಂತ ಇನ್‌ಸ್ಟಾಲ್ ಮಾಡುವುದಿದ್ದರೂ ಅವರನ್ನು ಕೇಳಬೇಕು.