ಉಬುಂಟು ಯಾರದ್ದು ಮಾರಾಯ?

ಹಾಸನದಲ್ಲಿ ಸಕಲೇಶಪುರದ ಬಸ್ಸು ಹತ್ತಿದರೆ ಆಲೂರು ಬರುವವರೆಗೂ ನನಗೂ ನನ್ನ ರೂಮ್‌ಮೇಟ್‌ಗೂ ಒಂದೇ ಜಗಳ. ಕ್ರಿಕೆಟ್ ಅಲ್ಲ, ರಾಜಕೀಯವೂ ಅಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಇದೆ, ನನ್ನದರಲ್ಲಿ ಲಿನಕ್ಸ್ ಮಿಂಟ್. ಮಿಂಟ್ ನಿಂತಿರುವುದು ಉಬುಂಟು ಮೇಲೆ, ಉಬುಂಟು ನಿಂತಿರುವುದು ಡೆಬಿಯನ್ ಮೇಲೆ. ಹಾಗಾಗಿ ಒಂದು ಲೆಕ್ಕದಲ್ಲಿ ಇದು ದಾಯಾದಿ ಕಲಹ.

‘ಉಬುಂಟು ಅಂದ್ರೆ ಇನ್ನೊಂದು ಮೈಕ್ರೋಸಾಫ್ಟೇ ಕಣೋ, ಬಣ್ಣ ಮಾತ್ರ ಬೇರೆ’ ಅನ್ನುತ್ತಾನೆ ಅವನು. ‘ಕಂಪನಿಗಳ ದುಡ್ಡಿಲ್ಲದಿದ್ರೆ ನಿನ್ನ ಡೆಬಿಯನ್ ಒಳಗಿನ ಕರ್ನಲ್ ಯಾರು ಬರೀತಿದ್ರು ಮಾರಾಯ?’ ಅನ್ನುತ್ತೇನೆ ನಾನು. ಕಂಡಕ್ಟರ್ ‘ಆಲೂರು’ ಎಂದು ಕೂಗುತ್ತಾರೆ, ಅವನು ಇಳಿದು ಹೋಗುತ್ತಾನೆ. ಪಾಳ್ಯ, ಬಾಳ್ಳುಪೇಟೆ ದಾಟುವಾಗ ಅವನಿಗೆ ಕೊಡಬೇಕಾಗಿದ್ದ ಉತ್ತರಗಳೆಲ್ಲ ನನಗೆ ಒಂದೊಂದಾಗಿ ಹೊಳೆಯುತ್ತವೆ. ಆ ಉತ್ತರಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ ಅಂದುಕೊಳ್ಳಿ. ಆದರೆ ಬರೆಯುತ್ತಾ ಹೋದ ಹಾಗೆ ಅವನು ಹೇಳುವುದರಲ್ಲೂ ಸಾಕಷ್ಟು ಸತ್ಯವಿದೆ ಎನ್ನುವುದು ಗೊತ್ತಾಯಿತು.

ನಾನು ಲಿನಕ್ಸ್‌ಗೆ ಬಂದದ್ದು ಸಿದ್ಧಾಂತಕ್ಕಾಗಿ ಅಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ನನ್ನದು ಅಕ್ಕ ಡಿಗ್ರಿ ಓದುವಾಗ ಕೊಂಡಿದ್ದ, ಆರನೇ ತಲೆಮಾರಿನ ಐ3 ಇರುವ, ನಾಲ್ಕು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಕೀಲಿಮಣೆಯಲ್ಲಿ ಎರಡು ಕೀ ಅಲುಗಾಡುತ್ತವೆ ಎನ್ನುವುದು ಬಿಟ್ಟರೆ ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ವಿಂಡೋಸ್ 10 ಇಟ್ಟುಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್‌ಗಳ ಒಂದು ವಿಸ್ತರಣೆ ಸಿಕ್ಕಿದೆ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿದರೆ ಅದು ಉಚಿತ. ಆಮೇಲೆ? ಅಪ್ಪ ಎಸ್ಟೇಟ್ ಒಂದರಲ್ಲಿ ರೈಟರ್. ಅವರ ಹತ್ತಿರ ಹೊಸ ಲ್ಯಾಪ್‌ಟಾಪ್ ಕೇಳುವ ಧೈರ್ಯ ನನಗಿರಲಿಲ್ಲ. ಹಾಸ್ಟೆಲ್‌ನ ವೈಫೈನಲ್ಲಿ ಮಿಂಟ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ ಒಂದು ಭಾನುವಾರ ಇನ್‌ಸ್ಟಾಲ್ ಮಾಡಿದೆ. ಅಷ್ಟೇ ನನ್ನ ಕ್ರಾಂತಿ.

ಈಗ ಗೆಳೆಯನ ಆರೋಪಪಟ್ಟಿಗೆ ಬರೋಣ. ಉಬುಂಟು ಹಿಂದಿರುವುದು ಕೆನಾನಿಕಲ್ ಎಂಬ ಕಂಪನಿ. ದಕ್ಷಿಣ ಆಫ್ರಿಕಾ ಮೂಲದ ಉದ್ಯಮಿ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಶುರು ಮಾಡಿದ್ದು. ಆಗ ಕೇಳಿದವರಿಗೆಲ್ಲ ಉಬುಂಟು ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು, 2011ರವರೆಗೂ ಇದು ನಡೆಯಿತು. ನಮ್ಮ ಲ್ಯಾಬ್‌ನ ಸರ್ ಒಬ್ಬರು ಆ ಸಿಡಿಯನ್ನು ಕವರ್ ಸಮೇತ ಇನ್ನೂ ಇಟ್ಟುಕೊಂಡಿದ್ದಾರೆ, ಮದುವೆ ಆಲ್ಬಂ ಹಾಗೆ ಎಲ್ಲ ಬ್ಯಾಚಿಗೂ ತೋರಿಸುತ್ತಾರೆ. ಇದೇ ಉಬುಂಟುವಿನ 2012ರ ಆವೃತ್ತಿಯಲ್ಲಿ, ನಿಮ್ಮ ಕಂಪ್ಯೂಟರಿನೊಳಗಿನ ಫೈಲ್ ಹುಡುಕಿದರೂ ಪಕ್ಕದಲ್ಲಿ ಅಮೆಜಾನ್‌ನ ಸರಕು ಕಾಣಿಸತೊಡಗಿತು. ಹುಡುಕಿದ ಪದ ಕೆನಾನಿಕಲ್‌ನ ಸರ್ವರ್‌ಗೆ ಹೋಗುತ್ತಿತ್ತು. ಸ್ವತಂತ್ರ ತಂತ್ರಾಂಶ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್‌ಮನ್ ಇದನ್ನು ಗೂಢಚಾರಿಕೆ ಎಂದೇ ಕರೆದರು. 2016ರ ಆವೃತ್ತಿಯಲ್ಲಿ ಅದು ತಾನಾಗಿ ಚಾಲೂ ಆಗುವುದು ನಿಂತಿತು. ಆಮೇಲೆ ಬಂತು ಸ್ನ್ಯಾಪ್. ಆ್ಯಪ್‌ಗಳನ್ನು ಕಟ್ಟಿಕೊಡುವ ಹೊಸ ವಿಧಾನ ಅದು, ಆದರೆ ಅದರ ಅಂಗಡಿಯ ಸರ್ವರ್ ತಂತ್ರಾಂಶ ಮಾತ್ರ ಕೆನಾನಿಕಲ್ ಕೈಯಲ್ಲೇ ಮುಚ್ಚಿಕೊಂಡಿದೆ.

ಇದಕ್ಕಿಂತ ದೊಡ್ಡ ಏಟು ರೆಡ್ ಹ್ಯಾಟ್‌ನದು. ಐಬಿಎಂ ಅದನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡದ್ದು 2019ರಲ್ಲಿ. 2029ರವರೆಗೆ ನಡೆಯುತ್ತದೆ ಎಂದು ಜನ ನಂಬಿಕೊಂಡಿದ್ದ ಸೆಂಟ್‌ಓಎಸ್ 8 ಅನ್ನು 2021ರ ಕೊನೆಗೇ ನಿಲ್ಲಿಸುತ್ತೇವೆ ಎಂದು 2020ರ ಡಿಸೆಂಬರ್‌ನಲ್ಲಿ ಘೋಷಣೆ ಬಂತು. 2023ರಲ್ಲಿ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ಪೂರ್ತಿ ಮೂಲ ಸಂಕೇತವನ್ನು ಎಲ್ಲರಿಗೂ ಕಾಣುವ ಹಾಗೆ ಇಡುವುದನ್ನೂ ರೆಡ್ ಹ್ಯಾಟ್ ಬಿಟ್ಟಿತು, ಗ್ರಾಹಕರಿಗೆ ಮಾತ್ರ ಅದು ಸಿಗುತ್ತದೆ. ಪುಕ್ಕಟೆ ಅಂತ ನಂಬಿಕೊಂಡು ಸರ್ವರ್ ಕಟ್ಟಿದವರು ರಾತ್ರೋರಾತ್ರಿ ಬೇರೆ ದಾರಿ ಹುಡುಕಬೇಕಾಯಿತು.

ಇಷ್ಟನ್ನೂ ಒಪ್ಪಿದ ಮೇಲೆ ನನ್ನ ಕಡೆಯ ವಾದಕ್ಕೆ ಏನು ಉಳಿಯಿತು ಅಂತ ನೀವು ಕೇಳಬಹುದು. ಉಳಿದದ್ದು ಕನ್ನಡ.

ಲಿನಕ್ಸ್‌ನಲ್ಲಿ ಈ ಲೇಖನ ಟೈಪ್ ಮಾಡುವಾಗ ಅಕ್ಷರಗಳು ಒತ್ತು, ದೀರ್ಘ ಸಮೇತ ಸರಿಯಾಗಿ ಕೂರುತ್ತಿವೆ. ಯಾರು ಕೂರಿಸಿದ್ದು? ಬಹಳ ವರ್ಷ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಕನ್ನಡಕ್ಕೆಂದು ಬರುತ್ತಿದ್ದದ್ದು ಲೋಹಿತ್ ಕನ್ನಡ ಫಾಂಟ್. ಲೋಹಿತ ಎಂದರೆ ಕೆಂಪು, ಹೆಸರಲ್ಲೇ ಮಾಲೀಕನ ಗುರುತಿದೆ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ರೂಪಿಸಿದ್ದ ಭಾರತೀಯ ಲಿಪಿಗಳ ಫಾಂಟ್‌ಗಳನ್ನು ರೆಡ್ ಹ್ಯಾಟ್ ಪಡೆದು ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟಿತು, 2011ರಲ್ಲಿ ಓಪನ್ ಫಾಂಟ್ ಲೈಸೆನ್ಸ್‌ಗೆ ಬದಲಿಸಿತು. ಅದೇ ಕಂಪನಿಯ ಪುಣೆ ಕಚೇರಿಯಲ್ಲಿ ಕನ್ನಡಕ್ಕೆ ಅನುವಾದಿಸುವವರು ಸಂಬಳಕ್ಕಿದ್ದರು. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಕೋಡನ್ನು ಮುಖ್ಯವಾಗಿ ಬೆಳೆಸಿದ ಬೆಹದಾದ್ ಎಸ್ಫಹಬೋದ್ ಮೊದಲು ರೆಡ್ ಹ್ಯಾಟ್‌ನಲ್ಲಿ, ಆಮೇಲೆ ಗೂಗಲ್‌ನಲ್ಲಿ ಕೆಲಸ ಮಾಡಿದವರು. ಈಗಿನ ನೋಟೊ ಕನ್ನಡ ಫಾಂಟ್‌ಗಳು ಗೂಗಲ್‌ನವು. ಹಾಗಂತ ಎಲ್ಲ ಕಂಪನಿಯವರೇ ಮಾಡಿದ್ದಲ್ಲ. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಫಾಂಟ್‌ಗಳು ಸ್ವಯಂಸೇವಕರ ಕೆಲಸ, ಗೆಳೆಯನ ಡೆಬಿಯನ್‌ನಲ್ಲಿ ಅವು ಪ್ಯಾಕೇಜ್ ಆಗಿಯೇ ಸಿಗುತ್ತವೆ. ಆದರೆ ಕಂಪನಿಯ ಸಂಬಳ ಮುಟ್ಟಿರದ ಲಿನಕ್ಸ್ ಬೇಕು ಅಂತ ಹಟ ಹಿಡಿದರೆ ಕನ್ನಡದ ಅಕ್ಷರಗಳನ್ನೇ ಅರ್ಧಂಬರ್ಧ ಕಳೆದುಕೊಳ್ಳಬೇಕಾಗುತ್ತದೆ. ಕರ್ನಲ್ ವಿಷಯವೂ ಅದೇ: ಅದಕ್ಕೆ ಬರುವ ಬದಲಾವಣೆಗಳಲ್ಲಿ ಹೆಚ್ಚಿನವು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ನೌಕರರಿಂದಲೇ ಬರುತ್ತವೆ. ಲಿನಕ್ಸ್ ಒಂದು ಕ್ಯಾನ್ಸರ್ ಅಂತ 2001ರಲ್ಲಿ ತನ್ನ ಮುಖ್ಯಸ್ಥರ ಬಾಯಲ್ಲಿ ಹೇಳಿಸಿದ್ದ ಮೈಕ್ರೋಸಾಫ್ಟ್ 2016ರಲ್ಲಿ ಲಿನಕ್ಸ್ ಫೌಂಡೇಶನ್‌ನ ಸದಸ್ಯನಾಯಿತು.

ಕಂಪನಿ ಇದೆಯೋ ಇಲ್ಲವೋ ಎನ್ನುವುದು ಅಷ್ಟು ಉಪಯೋಗಕ್ಕೆ ಬರುವ ಪ್ರಶ್ನೆಯಲ್ಲ ಅಂತ ನನಗೆ ಅನ್ನಿಸಿದ್ದು ಇಲ್ಲೇ. ಕಂಪನಿ ಕೈಬಿಟ್ಟ ದಿನ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಅಂತ ಕೇಳಬೇಕು.

ನಮ್ಮ ಕಡೆ ತೋಟಗಳಲ್ಲಿ ಮೆಣಸಿನ ಬಳ್ಳಿಯನ್ನು ಸಿಲ್ವರ್ ಓಕ್‌ಗೋ ಹಾಲವಾಣಕ್ಕೋ ಹಬ್ಬಿಸುತ್ತಾರೆ. ಮಳೆಗಾಲದ ಗಾಳಿಗೆ ಮರ ಬೀಳುವುದು ಮಾಮೂಲಿ. ಬಳ್ಳಿಯಿಂದ ತುಂಡು ಕತ್ತರಿಸಿ ಪಾಲಿಬ್ಯಾಗ್‌ನಲ್ಲಿ ಬೇರು ಬರಿಸಿ ಇನ್ನೊಂದು ಮರದ ಬುಡಕ್ಕೆ ನೆಡಬಹುದು. ಒಂದೆರಡು ವರ್ಷದ ಫಸಲು ಹೋಗುತ್ತದೆ, ಆದರೆ ತಳಿ ಹೋಗುವುದಿಲ್ಲ. ಮುಕ್ತ ಪರವಾನಗಿಯ ಕೋಡ್ ಹಾಗೆ. ಸೆಂಟ್‌ಓಎಸ್ ನಿಂತಾಗ 2021ರಲ್ಲೇ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎರಡೂ ಬಂದವು. ಸನ್ ಕಂಪನಿಯನ್ನು ಒರಾಕಲ್ ನುಂಗಿದಾಗ ಓಪನ್‌ಆಫೀಸ್ ಬಳಗದ ಅನೇಕರು ಹೊರಬಂದು 2010ರಲ್ಲಿ ಲಿಬ್ರೆಆಫೀಸ್ ಕಟ್ಟಿದರು. ಉಬುಂಟು ಮೇಲೆಯೇ ನಿಂತಿರುವ ಮಿಂಟ್ 2020ರಲ್ಲಿ ಸ್ನ್ಯಾಪ್ ತಾನಾಗಿ ಒಳಬರದಂತೆ ತಡೆಹಾಕಿತು. ಕೆನಾನಿಕಲ್ ಅದಕ್ಕೆ ಏನೂ ಮಾಡುವ ಹಾಗಿರಲಿಲ್ಲ.

ಇದಕ್ಕೆ ಹೋಲಿಸಿ 2025ರ ಜುಲೈ ನೆನಪಿಸಿಕೊಳ್ಳಿ. ಯುರೋಪಿಯನ್ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ಕಡಿದುಹಾಕಿತು. ದುಡ್ಡು ಕೊಟ್ಟ ಗ್ರಾಹಕ, ಭಾರತದಲ್ಲಿರುವ ಕಂಪನಿ, ಆದರೂ ಇಮೇಲ್ ತೆರೆಯುತ್ತಿಲ್ಲ. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು, ಕೆಲವು ದಿನಗಳಲ್ಲಿ ಸೇವೆ ಮರಳಿತು. ಲಿನಕ್ಸ್ ಲೋಕ ಇದರಿಂದ ಹೊರಗಿದೆ ಅಂತಲ್ಲ. 2024ರ ಅಕ್ಟೋಬರ್‌ನಲ್ಲಿ ನಿರ್ಬಂಧಗಳ ಕಾರಣಕ್ಕೆ ರಷ್ಯಾದ ಹಲವರನ್ನು ಕರ್ನಲ್ ನಿರ್ವಾಹಕರ ಪಟ್ಟಿಯಿಂದ ತೆಗೆದರು, ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಆದರೆ ಅವರ ಕೈಯಲ್ಲಿದ್ದ ಕೋಡನ್ನು ಯಾರೂ ಆಫ್ ಮಾಡಲಿಲ್ಲ, ಮಾಡಲು ಆಗುತ್ತಲೂ ಇರಲಿಲ್ಲ.

ನಯಾರಾ ಪ್ರಕರಣದ ನಂತರ ಸ್ವದೇಶಿ ತಂತ್ರಾಂಶದ ಮಾತು ಜೋರಾಗಿದೆ, ಕೇಂದ್ರದ ಇಮೇಲ್ ವ್ಯವಸ್ಥೆ ಜೋಹೊಗೆ ಹೋಗಿದೆ. ನಮ್ಮ ಪಕ್ಕದ ರಾಜ್ಯದ ಕಂಪನಿ, ಸಂತೋಷ. ಆದರೆ ಸ್ವದೇಶಿ ಅಂದಮಾತ್ರಕ್ಕೆ ಮುಕ್ತ ಅಲ್ಲ. ಬೀಗ ನಮ್ಮೂರಿನದ್ದಾದರೂ ಕೀಲಿ ಇನ್ನೊಬ್ಬರ ಜೇಬಿನಲ್ಲೇ ಇರುತ್ತದೆ.

ಶಿರಾಡಿ ಘಾಟಿ ಇಳಿದು ಮಂಗಳೂರು ದಾಟಿದರೆ ಕಾಸರಗೋಡು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲೇ ಲಿನಕ್ಸ್ ಮೇಲೆ ಕಂಪ್ಯೂಟರ್ ಕಲಿಯುತ್ತಾರೆ. ಕೇರಳದ ಸರ್ಕಾರಿ ಶಾಲೆಗಳ ಐಟಿ ಯೋಜನೆ, ಈಗ ಕೈಟ್ ಎಂಬ ಸರ್ಕಾರಿ ಕಂಪನಿ, ತನ್ನದೇ ಲಿನಕ್ಸ್ ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತದೆ. ಅದರ ಅಡಿಪಾಯ ಯಾವುದು ಗೊತ್ತೇ? ಇದೇ ಉಬುಂಟು. ಕೆನಾನಿಕಲ್ ಮಾಡಿದ್ದನ್ನು ತೆಗೆದುಕೊಂಡು, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಸೇರಿಸಿ, ಲೈಸೆನ್ಸ್ ದುಡ್ಡು ಕೊಡದೆ ನಡೆಸುತ್ತಿದ್ದಾರೆ. ಹಾಸನ ಜಿಲ್ಲೆಯ ಹುಡುಗನಾದ ನಾನು ಲಿನಕ್ಸ್ ಮೊದಲು ಕಂಡದ್ದು ಎಂಜಿನಿಯರಿಂಗ್ ಲ್ಯಾಬಿನಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ. ಇದಕ್ಕೆ ಹೊಟ್ಟೆಕಿಚ್ಚು ಪಡದೆ ಇನ್ನೇನು ಮಾಡಲಿ?

ನಮ್ಮಲ್ಲೂ ಸರ್ಕಾರ ತಂತ್ರಾಂಶಕ್ಕೆ ದುಡ್ಡು ಹಾಕಲಿಲ್ಲ ಎನ್ನುವಂತಿಲ್ಲ. ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಉಚಿತವಾಗಿ ಊರೂರು ತಲುಪಿತು. ಆದರೆ ಅದು ಬಹುಕಾಲ ವಿಂಡೋಸ್‌ನಲ್ಲಿ ಮಾತ್ರ ಓಡುವ ತಂತ್ರಾಂಶವಾಗಿತ್ತು. ನಮಗೆ ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಬಗ್ಗೆ ಎಷ್ಟು ತಲೆಕೆಡಿಸಿಕೊಂಡಿದ್ದರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶಕ್ಕೆ ಎಷ್ಟು ಓಡಾಡಿದ್ದರು ಎನ್ನುವುದನ್ನು ಓದಿದಾಗ, ಕಾಫಿ ತೋಟದಲ್ಲಿ ಕೂತು ಸಾಹಿತಿ ಒಬ್ಬರು ಇದಕ್ಯಾಕೆ ಬಂದರು ಅಂತ ಮೊದಲು ನನಗೆ ಆಶ್ಚರ್ಯವಾಗಿತ್ತು. ಅಪ್ಪನ ಚೆಕ್‌ರೋಲ್ ತೆರೆದ ದಿನ ಆ ಆಶ್ಚರ್ಯ ಹೋಯಿತು.

ಅಪ್ಪ ಆಳುಗಳ ಹೆಸರು, ಹಾಜರಿ, ಕೊಯ್ಲಿನ ಕೆಜಿ ಲೆಕ್ಕ ಎಲ್ಲವನ್ನೂ ವರ್ಷಗಳಿಂದ ಇದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ಬಂದಿದ್ದರು, ನುಡಿಯ ಹಳೆಯ ಅಕ್ಷರಗಳಲ್ಲಿ. ಮಿಂಟ್ ಹಾಕಿ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಗೀಟು. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಬಳಸಿ ಮೇಲೆ ಕನ್ನಡದ ಆಕಾರ ತೋರಿಸುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ‘ಕ’ ಎಲ್ಲಿ ಹೋದರೂ ‘ಕ’. ನನಗೆ ಇದೆಲ್ಲ ಪಾಠದಲ್ಲಿ ಗೊತ್ತಿತ್ತು. ಆದರೆ ಶನಿವಾರ ಬಟವಾಡೆ, ಶುಕ್ರವಾರ ರಾತ್ರಿ ಎಂಟು ಗಂಟೆ, ಅಪ್ಪ ಕನ್ನಡಕ ಹಾಕಿಕೊಂಡು ಪರದೆಯನ್ನೇ ನೋಡುತ್ತಿದ್ದಾರೆ. ‘ಏನ್ ಮಾಡ್ದೆ ಮಗಾ?’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನನ್ನ ಮರ್ಯಾದೆ ಉಳಿಸಿದ್ದು ಯಾವ ಕಂಪನಿಯೂ ಅಲ್ಲ. ಹಳೆಯ ನುಡಿ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವ, ಕನ್ನಡಿಗರೇ ಬರೆದು ಮುಕ್ತವಾಗಿ ಬಿಟ್ಟಿರುವ ಒಂದು ಪರಿವರ್ತಕ. ನೆಟ್‌ವರ್ಕ್ ಸಿಗುವ ಕಣದ ಮೂಲೆಯಲ್ಲಿ, ಆನೆ ಬಂದೀತೆಂಬ ಭಯದಲ್ಲಿ ಟಾರ್ಚ್ ಹಿಡಿದು ನಿಂತು ಅದನ್ನು ಇಳಿಸಿಕೊಂಡೆ. ಅರ್ಕಾವತ್ತುಗಳು ಕೆಲವು ಕಡೆ ಎಡವಟ್ಟಾದವು, ಕೈಯಲ್ಲಿ ತಿದ್ದಿದೆ. ಹನ್ನೊಂದೂವರೆಗೆ ಪಟ್ಟಿ ಸಿದ್ಧವಾಯಿತು.

ಆಮೇಲೆ ಬಸ್ಸಿನಲ್ಲಿ ಗೆಳೆಯನಿಗೆ ಇದನ್ನು ಹೇಳಿದೆ. ‘ನೋಡ್ದಾ, ಸ್ವಯಂಸೇವಕರು’ ಅಂದ. ಆದರೆ ಸ್ವಯಂಸೇವಕರು ಹೊಟ್ಟೆಗೆ ಏನು ತಿನ್ನಬೇಕು? ಬೆಂಗಳೂರಿನ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಪ್ರಕಟಿಸಿತು. ಷೇರು ವ್ಯಾಪಾರದ ಕಂಪನಿಯ ದುಡ್ಡು ಎಂದು ಬೇಡ ಎನ್ನಲೇ? ನಾಳೆ ರೆಡ್ ಹ್ಯಾಟ್‌ನ ಬೆಂಗಳೂರು ಕಚೇರಿಯಲ್ಲಿ ಕೆಲಸ ಸಿಕ್ಕರೆ ಅವನೂ ಹೋಗುತ್ತಾನೆ, ನಾನೂ ಹೋಗುತ್ತೇನೆ. ಈ ಮಾತಿಗೆ ಅವನು ನಕ್ಕ, ಇಲ್ಲ ಅನ್ನಲಿಲ್ಲ.

ಕೆಲಸ ಹುಡುಕುವವರಿಗೆ ಒಂದು ಮಾತು ಹೇಳಲೇಬೇಕು. ಸರ್ವರ್, ಕ್ಲೌಡ್ ಕೆಲಸಗಳಿಗೆ ಲಿನಕ್ಸ್ ಬೇಕೇ ಬೇಕು ಅನ್ನುತ್ತಾರೆ. ಆದರೆ ಪ್ಲೇಸ್‌ಮೆಂಟ್‌ಗೆ ಬಂದ ಒಂದು ಕಂಪನಿಯ ಆನ್‌ಲೈನ್ ಪರೀಕ್ಷೆ ವಿಂಡೋಸ್‌ನಲ್ಲಿ ಮಾತ್ರ ತೆರೆಯುತ್ತಿತ್ತು. ಲಿನಕ್ಸ್ ಬಲ್ಲವರು ಬೇಕೆಂದು ಜಾಹೀರಾತು ಕೊಟ್ಟವರದೇ ಪರೀಕ್ಷೆ! ಜೂನಿಯರ್ ಒಬ್ಬನ ಲ್ಯಾಪ್‌ಟಾಪ್ ಎರವಲು ಪಡೆದು ಬರೆದೆ. ಹಾಗಾಗಿ ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇರುವವರು ಪೂರ್ತಿ ಅಳಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಓಡಿಸಿ ನೋಡಿ, ಫೈಲ್‌ಗಳನ್ನು ಬೇರೆಡೆ ಕಾಪಿ ಮಾಡಿ, ಮನೆಯವರ ಫೈಲ್‌ಗಳನ್ನು ಮುಖ್ಯವಾಗಿ.

ಗೆಳೆಯ ಈಚೆಗೆ ಹೊಸ ಅಸ್ತ್ರ ಹಿಡಿದಿದ್ದಾನೆ. 2025ರ ಅಕ್ಟೋಬರ್‌ನ ಉಬುಂಟು 25.10ರಲ್ಲಿ ದಶಕಗಳ ಗ್ನೂ ಕೋರ್‌ಯುಟಿಲ್ಸ್ ಬದಲಿಗೆ ರಸ್ಟ್ ಭಾಷೆಯಲ್ಲಿ ಬರೆದದ್ದನ್ನು ಹಾಕಿದ್ದಾರೆ. ಅದರ ಪರವಾನಗಿ ಜಿಪಿಎಲ್ ಅಲ್ಲ, ಎಂಐಟಿ. ಜಿಪಿಎಲ್ ಇದ್ದರೆ ಕೋಡ್ ಬದಲಿಸಿ ಹಂಚುವವರು ಮೂಲವನ್ನೂ ಕೊಡಬೇಕು. ಎಂಐಟಿಯಲ್ಲಿ ಆ ಕಟ್ಟುಪಾಡಿಲ್ಲ, ಯಾರು ಬೇಕಾದರೂ ತಿದ್ದಿ ಮುಚ್ಚಿಟ್ಟುಕೊಳ್ಳಬಹುದು. ಈ ಒಂದು ವಿಷಯದಲ್ಲಿ ಅವನ ಅನುಮಾನ ನನ್ನದೂ ಹೌದು. ಹಿಂದೆ ಯಾವ ಕಂಪನಿಯಿದೆ ಎನ್ನುವುದಕ್ಕಿಂತ ಇಂಥ ಸದ್ದಿಲ್ಲದ ಬದಲಾವಣೆಗಳನ್ನು ನಾವು ಹೆಚ್ಚು ಗಮನಿಸಬೇಕು, ಕಂಪನಿ ಕೈಬಿಟ್ಟ ದಿನ ತುಂಡು ಕತ್ತರಿಸಿ ನೆಡುವ ಹಕ್ಕು ನಿಂತಿರುವುದು ಪರವಾನಗಿಯ ಮೇಲೆಯೇ.

ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ ರೊಬಸ್ಟಾ ಕೊಯ್ಲು ನಡೆದಿತ್ತು. ಅಪ್ಪ ಲಿಬ್ರೆಆಫೀಸ್‌ನಲ್ಲಿ ತಾವೇ ಪಟ್ಟಿ ಮಾಡುತ್ತಿದ್ದರು. ಹಿಂದಿನ ನಾಲ್ಕು ವರ್ಷದ ಚೆಕ್‌ರೋಲ್ ಇನ್ನೂ ಹಳೆಯ ಅಕ್ಷರದಲ್ಲೇ ಇದೆ. ‘ಪಿಎಫ್ ವಿಚಾರಕ್ಕೆ ಯಾರಾದ್ರೂ ಕೇಳ್ಕೊಂಡು ಬರ್ತಾರೆ, ಅದ್ನೂ ಮಾಡಿಕೊಟ್ಟು ಹೋಗು’ ಎಂದರು. ಎರಡು ವರ್ಷದ್ದು ಮುಗಿಸಿ ಬಂದಿದ್ದೇನೆ. ಉಳಿದದ್ದಕ್ಕೆ ಮುಂದಿನ ವಾರ ಆಲೂರಿನ ಗೆಳೆಯನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಅವನ ಡೆಬಿಯನ್ ಸಮೇತ.